ಹೇಳಿಕೆ ಬರೆಯುವ ಕೈ

ಪ್ರೊಬೇಷನರಿ ಪಿ.ಎಸ್.ಐ. ಆಗಿದ್ದಾಗ ಬರೆದುಕೊಂಡ ಕಾನೂನು ಪಾಠದ ನೋಟುಬುಕ್ಕು ಇನ್ನೂ ನನ್ನ ಬಳಿ ಇದೆ. ಅದರಲ್ಲಿ ಕನ್ನಕಳವು ತನಿಖೆಗೆ ಹನ್ನೊಂದು ಪುಟ. ಬೆರಳಚ್ಚು ಎತ್ತುವುದು, ಹೆಜ್ಜೆ ಗುರುತಿಗೆ ಪ್ಲಾಸ್ಟರ್ ಹುಯ್ಯುವುದು, ಹಳೇ ಕಳ್ಳರ ಎಂ.ಓ.ಬಿ. ಕಾರ್ಡು ತೆಗೆಸಿ ನೋಡುವುದು, ಎಲ್ಲಕ್ಕೂ ವಿವರ ಉಂಟು. 'ಮಾನಭಂಗ ಪ್ರಕರಣಗಳು' ಎಂಬುದಕ್ಕೆ ಸಿಕ್ಕಿದ್ದು ಮುಕ್ಕಾಲು ಪುಟ. ಅದರ ಮೂರನೆಯ ಸಾಲು ಹೀಗಿದೆ: 'ದ್ವೇಷದಿಂದ ಸುಳ್ಳು ಫಿರ್ಯಾದು ಕೊಡುವ ಸಂಭವವಿರುತ್ತದೆ, ಎಚ್ಚರ.' ಎಚ್ಚರ ಎಂಬ ಪದದ ಕೆಳಗೆ ಎರಡು ಗೆರೆ. ಎಳೆದವಳು ನಾನೇ.

ನಮ್ಮ ತರಬೇತಿ ಶಾಲೆಯ ಈ ಸಂಚಿಕೆಯ ಸಮಿತಿಯವರು ಮನೆಗೆ ಬಂದಾಗ, 'ಲೈಂಗಿಕ ಅಪರಾಧಗಳ ತನಿಖೆಗೆ ಮೊದಲು ತರಬೇತಿಯೇ ಇರಲಿಲ್ಲ, ಆಮೇಲೆ ಹೇಗೆ ಬಂತು ಎಂದು ಬರೆದುಕೊಡಿ ಮೇಡಂ' ಎಂದರು. ನೋಟುಬುಕ್ಕು ತೆಗೆದು ತೋರಿಸಿದೆ. ತರಬೇತಿ ಇತ್ತು. ಆ ಮುಕ್ಕಾಲು ಪುಟವೇ ತರಬೇತಿ. ಹೆಂಗಸು ಬಾಗಿಲಲ್ಲಿ ನಿಂತಾಗ ಮೊದಲು ಅನುಮಾನಿಸಬೇಕೆಂದು ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಕಲಿಸಿದ್ದರು, ನಾವು ಪರೀಕ್ಷೆ ಬರೆದು ಪಾಸಾಗಿದ್ದೆವು. ಅದನ್ನು ಅಳಿಸುವುದಕ್ಕೆ ಎಷ್ಟು ಕಾಲ ಬೇಕಾಯಿತು ಎಂಬುದನ್ನಷ್ಟೇ ನಾನು ಬರೆಯಬಲ್ಲೆ.

ನಮ್ಮ ಇಲಾಖೆಯ ಶಾಲೆಗಳ ವಂಶಾವಳಿ ಸಂಕ್ಷಿಪ್ತವಾಗಿ ಹೇಳಿಬಿಡುತ್ತೇನೆ. 1861ರ ಪೊಲೀಸ್ ಕಾಯ್ದೆ ಕಟ್ಟಿದ್ದು ಗಲಭೆ ಅಡಗಿಸುವ ಪಡೆಯನ್ನು. ಹಾಗಾಗಿ ಕವಾಯತು ಮೊದಲು, ಕಾನೂನು ಆಮೇಲೆ. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಸೆಪ್ಟೆಂಬರ್‌ನಲ್ಲಿ, ಐ.ಪಿ.ಎಸ್. ಅಧಿಕಾರಿಗಳ ಅಕಾಡೆಮಿ ಮೌಂಟ್ ಅಬುವಿನಲ್ಲಿ ತೆರೆಯಿತು. 1975ರಲ್ಲಿ ಹೈದರಾಬಾದಿಗೆ ಬಂತು. ತನಿಖೆಯನ್ನೇ ಪ್ರತ್ಯೇಕ ವಿದ್ಯೆಯಾಗಿ ಕಲಿಸುವ ಪತ್ತೇದಾರಿ ತರಬೇತಿ ಶಾಲೆ 1957ರಲ್ಲಿ ಕಲ್ಕತ್ತೆಯಲ್ಲೂ 1964ರಲ್ಲಿ ಹೈದರಾಬಾದಿನಲ್ಲೂ ಶುರುವಾಯಿತು. ಪೊಲೀಸ್ ಸಂಶೋಧನಾ ಮತ್ತು ಅಭಿವೃದ್ಧಿ ಬ್ಯೂರೋ ಹುಟ್ಟಿದ್ದು 1970ರಲ್ಲಿ. ಅದರ ಬೆನ್ನಿಗೇ ಪೊಲೀಸ್ ತರಬೇತಿಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಪೊಲೀಸರಲ್ಲ, ಸಮಾಜಕಾರ್ಯ ಕಲಿಸುತ್ತಿದ್ದ ಪ್ರೊಫೆಸರ್ ಎಂ.ಎಸ್. ಗೋರೆ. ಮನುಷ್ಯ ವರ್ತನೆಯ ಪಾಠ, ಸಮಾಜಶಾಸ್ತ್ರದ ಪಾಠ ಪೊಲೀಸರಿಗೆ ಬೇಕು ಎಂದು ಆ ಸಮಿತಿ ಹೇಳಿತು. ಸಲಹೆ ಸರಿಯಾದದ್ದೇ. ನನ್ನ ಬ್ಯಾಚಿಗೆ ಅದು ತಲುಪಿದ್ದು ಮಧ್ಯಾಹ್ನ ಮೂರು ಗಂಟೆಯ ಮನಶ್ಶಾಸ್ತ್ರದ ಪೀರಿಯಡ್ಡಾಗಿ. ಬೆಳಗಿನ ಜಾವ ಐದೂವರೆಗೆ ಪಿ.ಟಿ., ಆಮೇಲೆ ಪೆರೇಡು, ಹೊಟ್ಟೆ ತುಂಬ ಊಟ. ಮನುಷ್ಯ ವರ್ತನೆಯನ್ನು ನಾವೆಲ್ಲ ಕಣ್ಣು ಮುಚ್ಚಿಯೇ ಕೇಳಿದೆವು.

ಲೈಂಗಿಕ ಅಪರಾಧಗಳ ವಿಷಯದಲ್ಲಿ ದೇಶದ ಕಾನೂನು ಬದಲಾಗಿದ್ದು ಯಾವ ಸಮಿತಿಯಿಂದಲೂ ಅಲ್ಲ, ಎರಡು ಪೊಲೀಸ್ ಠಾಣೆಗಳಿಂದ. 1972ರ ಮಾರ್ಚ್ 26ರ ರಾತ್ರಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯ ಆವರಣದಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತೆಂಬುದು ಆರೋಪ. ಆರೋಪಿಗಳು ಇಬ್ಬರು ಪೊಲೀಸರು. ಸೆಷನ್ಸ್ ಕೋರ್ಟು ಬಿಟ್ಟಿತು, ಹೈಕೋರ್ಟು ಶಿಕ್ಷಿಸಿತು, 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಮೈಮೇಲೆ ಗಾಯವಿಲ್ಲ, ಕೂಗಿದ್ದಕ್ಕೆ ಸಾಕ್ಷ್ಯವಿಲ್ಲ, ಆದ್ದರಿಂದ ಒಪ್ಪಿಗೆ ಇತ್ತು ಎಂಬುದು ತರ್ಕ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಎದುರಾಡದೆ ಇರುವುದು ಬೇರೆ, ಒಪ್ಪುವುದು ಬೇರೆ ಎಂಬುದು ಆ ಪತ್ರದ ತಿರುಳು.

ಇನ್ನೊಂದು ಠಾಣೆ ಹೈದರಾಬಾದಿನ ನಲ್ಲಕುಂಟ. 1978ರ ಮಾರ್ಚ್ ಕೊನೆಯಲ್ಲಿ ಅಲ್ಲಿ ಒಬ್ಬ ಹೆಂಗಸಿನ ಮೇಲೆ ಪೊಲೀಸರು ಅತ್ಯಾಚಾರ ಮಾಡಿದರೆಂದು, ರಿಕ್ಷಾ ತುಳಿಯುತ್ತಿದ್ದ ಆಕೆಯ ಗಂಡ ಅವರ ಹೊಡೆತದಿಂದ ಸತ್ತನೆಂದು ಊರೇ ಬೀದಿಗೆ ಬಂತು. ನ್ಯಾಯಮೂರ್ತಿ ಮುಕ್ತದರ್ ಆಯೋಗ ಪೊಲೀಸರನ್ನು ದೋಷಿಗಳೆಂದಿತು. ಆದರೆ ಮೊಕದ್ದಮೆ ನಡೆದದ್ದು ಹೈದರಾಬಾದಿನಲ್ಲಲ್ಲ, ನಮ್ಮ ರಾಯಚೂರಿನಲ್ಲಿ. ಅಲ್ಲಿಗೆ ವರ್ಗಾವಣೆಯಾದ ಆ ಕೇಸಿನಲ್ಲಿ 1981ರಲ್ಲಿ ಎಲ್ಲರೂ ಬಿಡುಗಡೆಯಾದರು. ನಮ್ಮದೇ ರಾಜ್ಯದ ಕೋರ್ಟಿನಲ್ಲಿ ಮುಗಿದ ಈ ಕೇಸನ್ನು ನಮ್ಮ ತರಗತಿಯಲ್ಲಿ ಒಬ್ಬರೂ ಹೆಸರಿಸಲಿಲ್ಲ. ನಾನು ಅದರ ಬಗ್ಗೆ ಓದಿದ್ದು ಇನ್ಸ್‌ಪೆಕ್ಟರ್ ಆದ ಮೇಲೆ. ನಮ್ಮವರು ಆರೋಪಿಗಳಾಗಿದ್ದ ಕೇಸುಗಳನ್ನು ನಾವು ಪಾಠ ಮಾಡಿಕೊಳ್ಳುವುದಿಲ್ಲ. ಈಗಲೂ ಅಷ್ಟಾಗಿ ಇಲ್ಲ.

1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಕಸ್ಟಡಿಯಲ್ಲಿ ನಡೆದ ಅತ್ಯಾಚಾರಕ್ಕೆ ಹೆಚ್ಚಿನ ಶಿಕ್ಷೆ, ಅಂಥ ಕೇಸಿನಲ್ಲಿ ತಾನು ಒಪ್ಪಿರಲಿಲ್ಲ ಎಂದು ಆಕೆ ಹೇಳಿದರೆ ಕೋರ್ಟು ಹಾಗೆಂದೇ ಭಾವಿಸಬೇಕೆಂಬ 114-ಎ, ನೊಂದವಳ ಗುರುತು ಪ್ರಕಟಿಸಬಾರದೆಂಬ 228-ಎ, ಮುಚ್ಚಿದ ಕೋಣೆಯ ವಿಚಾರಣೆ, ಎಲ್ಲ ಆಗ ಬಂದವು. ಶಾಲೆಗೆ ಬಂದದ್ದು ಮಾತ್ರ ತಿದ್ದುಪಡಿ ಚೀಟಿ. ಅದನ್ನು ಕತ್ತರಿಸಿ, ಐ.ಪಿ.ಸಿ. ಪುಸ್ತಕದಲ್ಲಿ ಅತ್ಯಾಚಾರವೆಂದರೇನೆಂದು ಹೇಳುವ 375ನೇ ಕಲಮಿನ ಪಕ್ಕಕ್ಕೆ ಮೈದಾ ಅಂಟಿನಿಂದ ಅಂಟಿಸುವುದೇ ಆವತ್ತಿನ ಪಾಠ. ನಮ್ಮ ಕಾನೂನು ಮೇಷ್ಟ್ರು ಒಳ್ಳೆಯವರು, ಹೆಂಗಸರೆದುರು ಆ ಕಲಮನ್ನು ಗಟ್ಟಿಯಾಗಿ ಓದಲು ನಾಚುತ್ತಿದ್ದರು. 'ಅದನ್ನು ನೀವೇ ಓದಿಕೊಳ್ಳಿ' ಎಂದು 376ಕ್ಕೆ ಹೋಗುತ್ತಿದ್ದರು. ಬ್ಯಾಚಿನಲ್ಲಿದ್ದ ನಾವು ಕೆಲವೇ ಹೆಂಗಸರು ಆ ನಾಚಿಕೆಗೆ ಕಾರಣರಾಗಿ ತಲೆ ತಗ್ಗಿಸುತ್ತಿದ್ದೆವು.

ಪಕ್ಕದಲ್ಲಿ ಒಂದು ಮಾತು. ರಾಯಚೂರಿನ ತೀರ್ಪಿನ ಮರುವರ್ಷ, 1982ರ ಜನವರಿಯಲ್ಲಿ, ಇಂಗ್ಲೆಂಡಿನ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ಥೇಮ್ಸ್ ವ್ಯಾಲಿ ಪೊಲೀಸರನ್ನು ಕುರಿತ ರೋಜರ್ ಗ್ರೇಫ್ ಅವರ ಸಾಕ್ಷ್ಯಚಿತ್ರದ ಒಂದು ಕಂತು ಪ್ರಸಾರವಾಯಿತು. ಅತ್ಯಾಚಾರದ ದೂರು ಕೊಡಲು ಬಂದ ಹೆಂಗಸನ್ನು ಮೂವರು ಅಧಿಕಾರಿಗಳು ನಂಬದೆ, ಗದರಿಸಿ ಪ್ರಶ್ನಿಸುವುದನ್ನು ದೇಶವೆಲ್ಲ ಕೂತು ನೋಡಿತು. ಸಿಟ್ಟಿನ ಅಲೆ ಎದ್ದು, ಮರುವರ್ಷವೇ ಅಲ್ಲಿನ ಗೃಹ ಇಲಾಖೆ ಪೊಲೀಸರಿಗೆ ಸುತ್ತೋಲೆ ಹೊರಡಿಸಿತು. ಹೆಂಗಸರನ್ನು ಪ್ರಶ್ನಿಸುವ ಬಗೆಯ ತರಬೇತಿ ಅಲ್ಲಿಂದ ಹೊಸದಾಯಿತು. ನಮ್ಮ ಠಾಣೆಗಳೊಳಗೆ ಅಂಥ ಕ್ಯಾಮೆರಾ ಬಂದಿರಲಿಲ್ಲ. ಬಂದಿದ್ದರೆ ಏನು ಕಾಣುತ್ತಿತ್ತೆಂದು ನನಗೆ ಗೊತ್ತು, ಏಕೆಂದರೆ ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ.

ಮಹಿಳಾ ಪಿ.ಎಸ್.ಐ. ಎಂದರೆ ಆಗ ಕೂರುವ ಕೆಲಸ. ಎಲ್ಲೋ ಒಂದು ಠಾಣೆಯಲ್ಲಿ 376 ಕೇಸು ದಾಖಲಾದರೆ ವೈರ್‌ಲೆಸ್ಸಿನಲ್ಲಿ ನನಗೆ ಕರೆ ಬರುತ್ತಿತ್ತು. ಹೋಗಿ ನೊಂದವಳ ಪಕ್ಕ ಕೂರುವುದು, ಆಸ್ಪತ್ರೆಗೆ ಬೆಂಗಾವಲಾಗುವುದು, 'ಮಹಿಳಾ ಅಧಿಕಾರಿಯ ಸಮಕ್ಷಮ' ಎಂಬ ಒಕ್ಕಣೆಯ ಕೆಳಗೆ ರುಜು ಹಾಕುವುದು. ಪ್ರಶ್ನೆ ಕೇಳುವವರು ಇನ್ಸ್‌ಪೆಕ್ಟರ್, ಬರೆಯುವವರು ಠಾಣೆಯ ರೈಟರ್. ಕರ್ನಾಟಕಕ್ಕೆ 1975ರ ಬ್ಯಾಚಿನಲ್ಲೇ ಜೀಜಾ ಹರಿಸಿಂಗ್ ಅವರು ಮೊದಲ ಮಹಿಳಾ ಐ.ಪಿ.ಎಸ್. ಅಧಿಕಾರಿಯಾಗಿ ಬಂದಿದ್ದರು, ಪಕ್ಕದ ಕೇರಳದ ಕೋಳಿಕ್ಕೋಡಿನಲ್ಲಿ 1973ರಲ್ಲೇ ಮಹಿಳಾ ಠಾಣೆ ತೆರೆದಿತ್ತು. ಮೇಲೆ ಬಾಗಿಲು ತೆರೆದಿತ್ತು. ಕೆಳಗಿನ ಠಾಣೆಯಲ್ಲಿ ಲೇಖನಿ ಮಾತ್ರ ಗಂಡಸಿನ ಕೈಯಲ್ಲೇ ಉಳಿದಿತ್ತು.

ಆ ಲೇಖನಿಯ ಕತೆಯನ್ನೇ ಸ್ವಲ್ಪ ವಿವರವಾಗಿ ಹೇಳಬೇಕು.

ಉತ್ತರ ಕರ್ನಾಟಕದ ಒಂದು ಠಾಣೆ, ಹೆಸರು ಬೇಡ. ಜೋಳದ ಹೊಲದಲ್ಲಿ ಕಳೆ ಕೀಳಲು ಹೋಗಿದ್ದ ಹೆಂಗಸು. ಆಕೆ ಹೇಳಿದ್ದು ನನಗೆ ಇವತ್ತಿಗೂ ಹಾಗೇ ಕಿವಿಯಲ್ಲಿದೆ: 'ಹಿಂದಿಂದ ಬಂದು ಕೆಡವಿದ್ರಿ. ಕೂಗಾಕ ಹೋದೆ, ದನಿ ಬರಲಿಲ್ಲ. ಬಾಯಾಗ ಮಣ್ಣು ಹೋತು. ಆಮ್ಯಾಲೆ ನಾ ಅಲ್ಲೇ ಇದ್ನೋ ಇಲ್ಲೋ ಗೊತ್ತಾಗಲಿಲ್ಲ.' ರೈಟರ್ ಬರೆದದ್ದು: 'ಸದರಿ ಆಸಾಮಿಯು ನನ್ನ ಇಚ್ಛೆಗೆ ವಿರುದ್ಧವಾಗಿ ಬಲಾತ್ಕಾರದಿಂದ ಸಂಭೋಗ ನಡೆಸಿ ನನ್ನ ಶೀಲಹರಣ ಮಾಡಿರುತ್ತಾನೆ. ನಾನು ಕೂಗಾಡಿಕೊಂಡರೂ ಯಾರೂ ಬರಲಿಲ್ಲ.' ಕೂಗಲಿಲ್ಲ ಎಂದರೆ ಕೇಸು ನಿಲ್ಲುವುದಿಲ್ಲವೆಂದು ಅವರೇ ಕೂಗಿಸಿದ್ದರು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅದು ಕೈಗೆ ಕೂತ ಒಕ್ಕಣೆ. ಹಿಂದಿನ ರೈಟರಿನಿಂದ ಬಂದದ್ದು, ಅವರಿಗೆ ಅವರ ಹಿಂದಿನವರಿಂದ.

ಕೋರ್ಟಿನಲ್ಲಿ ಪಾಟೀಸವಾಲು. 'ಇಚ್ಛೆ ಅಂದರೆ ಏನಮ್ಮ?' ಆಕೆ ಸುಮ್ಮನೆ ನಿಂತಳು. 'ಕೂಗಾಡಿದೆಯಾ?' 'ಇಲ್ರಿ, ದನಿ ಬರಲಿಲ್ಲ.' ಪೊಲೀಸರ ಮುಂದೆ ಹೇಳಿದ್ದೇ ಬೇರೆ, ಇಲ್ಲಿ ಹೇಳುವುದೇ ಬೇರೆ ಎಂದು ವಕೀಲರು ಗುರುತು ಹಾಕಿಸಿದರು. ಬಾಯಿಗೆ ಮಣ್ಣು ಹೋದ ಸಂಗತಿಯನ್ನು ಆಕೆ ಸಾಕ್ಷಿಕಟ್ಟೆಯಲ್ಲಿ ಹೇಳಿದಾಗ, ಹೇಳಿಕೆಯಲ್ಲಿ ಅದಿಲ್ಲ, ಇದು ಆಮೇಲೆ ಸೇರಿಸಿದ್ದು ಎಂದರು. ಮುಖ್ಯವಾದದ್ದನ್ನು ಹೇಳಿಕೆಯಲ್ಲಿ ಬಿಟ್ಟಿದ್ದರೆ ಅದೂ ವಿರೋಧಾಭಾಸವಾಗಬಲ್ಲದು ಎಂದು ದಂಡ ಪ್ರಕ್ರಿಯಾ ಸಂಹಿತೆಯ 162ನೇ ಕಲಮಿನ ವಿವರಣೆಯಲ್ಲೇ ಇತ್ತು. ಆಕೆ ಆ ಮಾತನ್ನು ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ. ಬರೆದಿರಲಿಲ್ಲ. ಆರೋಪಿ ಬಿಡುಗಡೆಯಾದ.

ಮುಂದೆ ನಾನು ತರಬೇತಿ ಶಾಲೆಗೆ ಬೋಧಕಿಯಾಗಿ ಬಂದಾಗ ಮೊದಲ ವಾರ ಕಲಮುಗಳನ್ನು ಮುಟ್ಟುತ್ತಲೇ ಇರಲಿಲ್ಲ. ಆ ಎರಡು ಹೇಳಿಕೆಗಳನ್ನು, ಹೆಸರು ಊರು ತೆಗೆದು, ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆಯುತ್ತಿದ್ದೆ. ಯಾವುದರಲ್ಲಿ ಹೆಚ್ಚು ಸಾಕ್ಷ್ಯ ಇದೆ ಎಂದು ಕೇಳುತ್ತಿದ್ದೆ. ಮೊದಮೊದಲು ಎಲ್ಲರೂ ಎರಡನೆಯದನ್ನೇ ತೋರಿಸುತ್ತಿದ್ದರು, 'ಕಾನೂನಿನ ಪದ ಇದೆ ಮೇಡಂ' ಎಂದು. ಮಣ್ಣು ಎಂಬ ಪದದ ಸುತ್ತ ಸುಣ್ಣದ ಕಡ್ಡಿಯಿಂದ ಸುತ್ತು ಹಾಕಿದರೆ, ಹಿಂದಿನ ಬೆಂಚಿನಿಂದ ಯಾರೋ ಒಬ್ಬರಿಗೆ ಹೊಳೆಯುತ್ತಿತ್ತು: ಹೊಲದ ಮಣ್ಣು, ಸೀರೆಯ ಮಣ್ಣು, ಆರೋಪಿಯ ಮಂಡಿಯ ಮಣ್ಣು. ಸ್ಯಾಂಪಲ್ ತೆಗೆದು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬಹುದಿತ್ತು. ಶೀಲಹರಣದಿಂದ ಯಾವ ಸ್ಯಾಂಪಲ್ಲೂ ಸಿಗುವುದಿಲ್ಲ.

'ಮಾನಭಂಗ', 'ಶೀಲಭಂಗ' ಎಂಬ ಪದಗಳನ್ನು ಹೇಳಿಕೆಯಿಂದ ತೆಗೆಸುವುದಕ್ಕೆ ನಾನು ಪಟ್ಟ ಪಾಡು ದೊಡ್ಡದು. ಭಂಗವಾಗಿದ್ದರೆ ಅದು ಆತನ ಮಾನ ಎಂದರೆ ಹುಡುಗರು ನಗುತ್ತಿದ್ದರು, ಪರೀಕ್ಷೆಯಲ್ಲಿ ಮತ್ತೆ ಅದನ್ನೇ ಬರೆಯುತ್ತಿದ್ದರು. ದಿನಪತ್ರಿಕೆಗಳೂ ಹಾಗೆಯೇ ಬರೆಯುತ್ತಿದ್ದ ಕಾಲ. ಹುಡುಗರನ್ನು ದೂರಿ ಫಲವಿಲ್ಲ.

ತಪ್ಪೆಲ್ಲ ಠಾಣೆಯದೇ ಎಂದೂ ಹೇಳಲಾರೆ. ಅತ್ಯಾಚಾರ ಮೊಕದ್ದಮೆಯಲ್ಲಿ ದೂರುದಾರಳ ನಡತೆ ಸರಿಯಿಲ್ಲವೆಂದು ತೋರಿಸಿ ಅವಳ ಸಾಕ್ಷ್ಯವನ್ನು ಹಣಿಯಲು 1872ರ ಸಾಕ್ಷ್ಯ ಅಧಿನಿಯಮದ 155ನೇ ಕಲಮೇ ಅನುಮತಿ ಕೊಟ್ಟಿತ್ತು; ಅದನ್ನು ತೆಗೆದದ್ದು 2002ರ ತಿದ್ದುಪಡಿ. ನೂರ ಮೂವತ್ತು ವರ್ಷ. ಆಸ್ಪತ್ರೆಯಲ್ಲಿ ವೈದ್ಯರು 'ಎರಡು ಬೆರಳಿನ ಪರೀಕ್ಷೆ' ಮಾಡಿ, 'ಸಂಭೋಗಕ್ಕೆ ರೂಢಿಯಾದವಳು' ಎಂದು ವರದಿ ಕೊಡುತ್ತಿದ್ದರು. ನಾವು ಅದನ್ನು ವಿಜ್ಞಾನವೆಂದು ನಂಬಿ ಕೋರ್ಟಿಗೆ ಕೊಡುತ್ತಿದ್ದೆವು. ಅದು ಖಾಸಗಿತನದ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಆರೋಗ್ಯ ಸಚಿವಾಲಯ 2014ರಲ್ಲಿ ಹೊಸ ಮಾರ್ಗಸೂಚಿ ಕೊಟ್ಟಿತು. ಆದರೂ ನಿಲ್ಲಲಿಲ್ಲವಾಗಿ 2022ರ ಅಕ್ಟೋಬರ್‌ನಲ್ಲಿ, ಇನ್ನು ಈ ಪರೀಕ್ಷೆ ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಕೋರ್ಟು ಮತ್ತೆ ಹೇಳಬೇಕಾಯಿತು. ನ್ಯಾಯಪೀಠಗಳೂ ಹೊರತಲ್ಲ. 2020ರ ಜೂನ್‌ನಲ್ಲಿ ನಮ್ಮ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ, ಘಟನೆಯ ನಂತರ ದಣಿದು ನಿದ್ದೆ ಹೋದೆ ಎನ್ನುವುದು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬ ಅರ್ಥದ ಮಾತು ಬಂದಿತ್ತು. ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಆದೇಶದಿಂದ ತೆಗೆಯಲಾಯಿತು. ಹೀಗೆ ತೆಗೆದುಹಾಕಿದ್ದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ನಮ್ಮ ಠಾಣೆಯ ಹೇಳಿಕೆಗಳನ್ನು ಹಾಗೆ ಹಿಂದಕ್ಕೆ ಪಡೆಯಲು ಬರುವುದಿಲ್ಲ.

ನಮ್ಮ ರಾಜ್ಯದಲ್ಲಿ ಗಾಳಿ ಸ್ವಲ್ಪ ತಿರುಗಿದ್ದು 2000ದ ದಶಕದ ಆರಂಭದಲ್ಲಿ, ಯುನಿಸೆಫ್ ಜೊತೆಗೂಡಿ ರಾಜ್ಯ ಪೊಲೀಸ್ ಇಲಾಖೆ ನಡೆಸಿದ ಲಿಂಗ ಸಂವೇದನೆ ಮತ್ತು ಜನಸ್ನೇಹಿ ಪೊಲೀಸ್ ಯೋಜನೆಯಿಂದ. ಪೊಲೀಸರಲ್ಲದವರು, ಅದರಲ್ಲೂ ಮಹಿಳಾ ಸಂಘಟನೆಗಳವರು, ನಮ್ಮ ತರಗತಿಯಲ್ಲಿ ನಿಂತು ನಮಗೆ ಪಾಠ ಹೇಳಿದ್ದು ನಾನು ಕಂಡಂತೆ ಅದೇ ಮೊದಲು. ಹಿರಿಯ ಹೆಡ್ ಕಾನ್‌ಸ್ಟೇಬಲ್‌ಗಳು ಕೈಕಟ್ಟಿ ಕೂತಿದ್ದರು. ಒಂದು ಮಧ್ಯಾಹ್ನ ಬಂದ ಸಂಪನ್ಮೂಲ ವ್ಯಕ್ತಿ ಒಂದು ಸಣ್ಣ ಕೆಲಸ ಹೇಳಿದರು: 'ನಿಮ್ಮ ಮದುವೆಯ ಮೊದಲ ರಾತ್ರಿ ಏನಾಯಿತೆಂದು ಪಕ್ಕದಲ್ಲಿ ಕೂತವರಿಗೆ ಹೇಳಿ. ಎಷ್ಟು ಗಂಟೆಗೆ, ಯಾರು ಮೊದಲು ಮುಟ್ಟಿದ್ದು, ಯಾವ ಬಟ್ಟೆ, ಎಲ್ಲ ಕ್ರಮವಾಗಿ. ಅವರು ಬರೆದುಕೊಳ್ಳುತ್ತಾರೆ.' ಒಬ್ಬರೂ ಬಾಯಿ ಬಿಡಲಿಲ್ಲ. ಫ್ಯಾನಿನ ಸದ್ದು ಮಾತ್ರ. ಎರಡು ನಿಮಿಷ ಬಿಟ್ಟು ಆಕೆ ಅಂದದ್ದಿಷ್ಟೇ: 'ಇದು ಸಂತೋಷದ ವಿಷಯ. ಅವಳಿಗೆ ನೀವು ಕೇಳುವುದು ಅದಲ್ಲ.' ಕೈಕಟ್ಟಿದ್ದವರಲ್ಲಿ ಒಬ್ಬರು ಎದ್ದು ಹೊರಗೆ ಹೋಗಿ ಬೀಡಿ ಸೇದಿ ಬಂದು, ಕೊನೆಯ ತನಕ ಕೂತರು. ಆ ಯೋಜನೆಯಲ್ಲಿ ನೂರು ಕುಂದುಗಳಿದ್ದವು. ಆದರೆ ಆ ಎರಡು ನಿಮಿಷದಷ್ಟು ಕೆಲಸ ಮಾಡಿದ ಉಪನ್ಯಾಸವನ್ನು ನಾನು ಮತ್ತೆ ಕೇಳಿಲ್ಲ.

2012ರ ಡಿಸೆಂಬರ್ 16ರ ದೆಹಲಿಯ ಘಟನೆ, ವರ್ಮಾ ಸಮಿತಿ, 2013ರ ಕಾಯ್ದೆ, ಇವೆಲ್ಲ ಓದುಗರಿಗೆ ಗೊತ್ತಿರುವುದೇ. ನ್ಯಾಯಮೂರ್ತಿ ಜೆ.ಎಸ್. ವರ್ಮಾ, ಲೀಲಾ ಸೇಠ್, ಗೋಪಾಲ ಸುಬ್ರಹ್ಮಣ್ಯಂ ಮೂವರೂ ಕೂತು 29 ದಿನದಲ್ಲಿ ವರದಿ ಕೊಟ್ಟರು. ನಮ್ಮ ಶಾಲೆಯ ಮಟ್ಟಿಗೆ ಅದರಿಂದ ಬಂದ ದೊಡ್ಡ ಬದಲಾವಣೆ ಎರಡು. ಮೊದಲನೆಯದು ಐ.ಪಿ.ಸಿ. 166-ಎ: ಇಂಥ ದೂರನ್ನು ದಾಖಲಿಸದ ಪೊಲೀಸ್ ಅಧಿಕಾರಿಗೇ ಆರು ತಿಂಗಳಿಂದ ಎರಡು ವರ್ಷದ ಕಠಿಣ ಸಜೆ. ಅಲ್ಲಿಯವರೆಗೆ ತೂಕಡಿಸುತ್ತಿದ್ದ ತರಗತಿ ಈ ಕಲಮಿಗೆ ಎದ್ದು ಕೂತಿತು. ಸಂವೇದನೆಯಿಂದ ಆಗದ್ದು ಪೆನ್ಷನ್ನಿನ ಭಯದಿಂದ ಆಯಿತು ಎಂದು ಹೇಳಲು ನನಗೆ ಸಂಕೋಚವಿಲ್ಲ. ಎರಡನೆಯದು, ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂಬ 154ನೇ ಕಲಮಿನ ಹೊಸ ನಿಬಂಧನೆ. ಅಂತೂ ಲೇಖನಿ ಕೈ ಬದಲಾಯಿಸಿತು. ಜೊತೆಗೆ, ದೈಹಿಕವಾಗಿ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತೆನ್ನಲಾಗದು ಎಂದು 375ರ ವಿವರಣೆಯಲ್ಲೇ ಬರೆಯಲಾಯಿತು. ದೇಸಾಯಿಗಂಜಿನ ಹುಡುಗಿಯ ಪರವಾಗಿ ನಾಲ್ವರು ಮೇಷ್ಟ್ರುಗಳು ಹೇಳಿದ ಮಾತು ಕಾನೂನಾಗಲು ಮೂವತ್ತನಾಲ್ಕು ವರ್ಷ ಹಿಡಿಯಿತು.

ಲೇಖನಿ ಕೈ ಬದಲಾಯಿಸಿದರೂ ಒಕ್ಕಣೆ ಬದಲಾಗಲಿಲ್ಲ ಎಂಬುದನ್ನೂ ಹೇಳಬೇಕು. ಹೊಸ ಮಹಿಳಾ ಪಿ.ಎಸ್.ಐ.ಗಳು ಅದೇ ಹಳೇ ಹೇಳಿಕೆಗಳನ್ನು ಮಾದರಿಯಾಗಿಟ್ಟುಕೊಂಡು ಕಂಪ್ಯೂಟರಿನಲ್ಲಿ ಹೆಸರು ಮಾತ್ರ ಬದಲಿಸಿದ್ದನ್ನು ನೋಡಿದ್ದೇನೆ. ಹೆಣ್ಣಾದ ಮಾತ್ರಕ್ಕೆ ಕೇಳಿಸಿಕೊಳ್ಳಲು ಬರುತ್ತದೆ ಎಂದು ಇಲಾಖೆ ಭಾವಿಸಿತು. ನನಗೂ ಬರುತ್ತಿರಲಿಲ್ಲ, ಮೇಲೆ ಹೇಳಿದ್ದೇನೆ.

2014ರ ಏಪ್ರಿಲ್‌ನಲ್ಲಿ ಬಂದ ಒಂದು ತೀರ್ಪು ನಮ್ಮ ಶಾಲೆಗೆ ಹೆಮ್ಮೆಯದೋ ನಾಚಿಕೆಯದೋ ನಾನು ಇನ್ನೂ ನಿರ್ಧರಿಸಿಲ್ಲ. ತಿಪಟೂರು ತಾಲ್ಲೂಕಿನ ನೊಣವಿನಕೆರೆ ಪೊಲೀಸರು ಹೂಡಿದ ಒಂದು ಕೇಸು ಸುಪ್ರೀಂ ಕೋರ್ಟಿನ ತನಕ ಹೋಗಿ, ಅದರ ನೆಪದಲ್ಲಿ ನ್ಯಾಯಮೂರ್ತಿಗಳಾದ ಜ್ಞಾನಸುಧಾ ಮಿಶ್ರಾ ಮತ್ತು ನಮ್ಮವರೇ ಆದ ವಿ. ಗೋಪಾಲಗೌಡರು ದೇಶದ ಎಲ್ಲ ಠಾಣೆಗಳಿಗೆ ನಿರ್ದೇಶನ ಕೊಟ್ಟರು. ಅತ್ಯಾಚಾರದ ಮಾಹಿತಿ ಬಂದ ಕೂಡಲೇ ತನಿಖಾಧಿಕಾರಿ ನೊಂದವಳನ್ನು ಮ್ಯಾಜಿಸ್ಟ್ರೇಟರ ಬಳಿ, ಸಾಧ್ಯವಾದರೆ ಮಹಿಳಾ ಮ್ಯಾಜಿಸ್ಟ್ರೇಟರ ಬಳಿ, ಕರೆದೊಯ್ದು 164ನೇ ಕಲಮಿನ ಹೇಳಿಕೆ ಮಾಡಿಸಬೇಕು. ಮಾಹಿತಿ ಬಂದ ದಿನ, ಗಂಟೆ, ಕರೆದೊಯ್ದ ದಿನ, ಗಂಟೆ, ಎರಡನ್ನೂ ಬರೆದಿಡಬೇಕು. ಇಪ್ಪತ್ತನಾಲ್ಕು ಗಂಟೆ ಮೀರಿದರೆ ಏಕೆಂದು ಕೇಸ್ ಡೈರಿಯಲ್ಲಿ ಕಾರಣ ಕೊಡಬೇಕು, ಅದರ ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಆ ಹೇಳಿಕೆಯ ಪ್ರತಿ ತನಿಖಾಧಿಕಾರಿಗೆ ಕೊಟ್ಟರೂ ದೋಷಾರೋಪಣ ಪಟ್ಟಿ ಸಲ್ಲಿಸುವವರೆಗೆ ಅದರಲ್ಲಿರುವುದನ್ನು ಯಾರಿಗೂ ಬಿಟ್ಟುಕೊಡಬಾರದು. ಕೊಬ್ಬರಿಗೆ ಹೆಸರಾದ ಸೀಮೆಯ ಒಂದು ಸಣ್ಣ ಠಾಣೆಯ ಹೆಸರನ್ನು ಈಗ ದೇಶದ ಉದ್ದಗಲದ ಪೊಲೀಸ್ ತರಗತಿಗಳಲ್ಲಿ ತಪ್ಪಾಗಿ ಉಚ್ಚರಿಸಿಯಾದರೂ ಹೇಳುತ್ತಾರೆ.

ಆ ತೀರ್ಪಿನಿಂದ ಠಾಣೆಯ ಹೇಳಿಕೆಯ ತೂಕ ಕಡಿಮೆಯಾಯಿತೆಂದು ಕೆಲವು ಸಹೋದ್ಯೋಗಿಗಳು ಮುನಿಸಿಕೊಂಡರು. ನಮ್ಮ ಮೇಲೆ ನಂಬಿಕೆ ಇಲ್ಲವೇ ಎಂದರು. ಇಲ್ಲ. ಬಾಯಿಗೆ ಹೋದ ಮಣ್ಣನ್ನು ಬಿಟ್ಟವರನ್ನು ಯಾಕೆ ನಂಬಬೇಕು?

ಬಟ್ಟೆಬರೆ, ಸ್ವಾಬು, ಸೀಲುಗಳ ಪಾಠಕ್ಕೆ ಹುಡುಗರು ಬೇಗ ಒಲಿಯುತ್ತಾರೆ, ಏಕೆಂದರೆ ಅದರಲ್ಲಿ ಮುಜುಗರವಿಲ್ಲ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ತುರುಕಿದರೆ ಬೂಸ್ಟು ಹಿಡಿದು ಡಿ.ಎನ್.ಎ. ಹಾಳಾಗುತ್ತದೆ, ನೆರಳಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಕವರಿನಲ್ಲಿಡಬೇಕು. ಆಕೆ ಸ್ನಾನ ಮಾಡಿದ್ದಾಳೆ, ಇನ್ನೇನೂ ಸಿಗುವುದಿಲ್ಲ ಎಂದು ಕೈಚೆಲ್ಲಬಾರದು. ಮೂರು ದಿನದ ಮೇಲೆ ಸಿಗುವ ಸಂಭವ ಕಡಿಮೆಯಾದರೂ 96 ಗಂಟೆಯವರೆಗೂ ಮಾದರಿ ತೆಗೆಯಿರಿ ಎಂದು 2014ರ ಮಾರ್ಗಸೂಚಿ ಹೇಳುತ್ತದೆ. ದೂರು ಕೊಟ್ಟ 24 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಕಳಿಸಬೇಕು, ಆದರೆ ಆಕೆಯ ಒಪ್ಪಿಗೆ ಇದ್ದರೆ ಮಾತ್ರ. ಈ ಒಪ್ಪಿಗೆಯ ಮಾತು ಬಂದಾಗ ಯಾರಾದರೊಬ್ಬರು 'ಅಂದರೆ ಬೇಡ ಅಂದರೂ ಕೇಸು ನಿಲ್ಲುತ್ತದಾ ಮೇಡಂ?' ಎಂದು ಕೇಳುತ್ತಾರೆ. ನಿಲ್ಲುತ್ತದೆ. ಅವಳ ಮಾತು ನಂಬುವಂತಿದ್ದರೆ ಬೇರೆ ಬೆಂಬಲ ಹುಡುಕಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು 1996ರ ಗುರ್ಮೀತ್ ಸಿಂಗ್ ಪ್ರಕರಣದಲ್ಲೇ ಹೇಳಿದೆ. ಹೇಳಿದ ಮಾತು ನಂಬುವಂತೆ ಕಾಗದಕ್ಕೆ ಇಳಿಯಬೇಕು, ಅಷ್ಟೆ.

ಮಕ್ಕಳ ಕೇಸುಗಳು ಬೇರೆಯೇ ಲೋಕ. ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಗೆ ಬಂತು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಇಷ್ಟಪಟ್ಟ ಜಾಗದಲ್ಲಿ ಪಡೆಯಬೇಕು, ಪಡೆಯುವವರು ಸಮವಸ್ತ್ರದಲ್ಲಿ ಇರಕೂಡದು, ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಕೂಡದು. ಸಮವಸ್ತ್ರ ಕಳಚುವುದನ್ನು ನಮಗೆ ಕಲಿಸಿದ ಕಾನೂನು ಇದು. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆಯಂಥವರು, ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳ ಕೇಂದ್ರದವರು ಈ ಕ್ಷೇತ್ರದಲ್ಲಿ ಮಾಡಿದ ಕೆಲಸದಿಂದ ನಾವು ಬಹಳ ಕಲಿತೆವು. ಆದರೂ ಪ್ರತಿ ಬ್ಯಾಚೂ ಕೇಳುವ ಒಂದು ಪ್ರಶ್ನೆಗೆ ನನ್ನಲ್ಲಿ ಸರಿಯಾದ ಉತ್ತರ ಇಲ್ಲ. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ, ಜಾತಿ ಬೇರೆ, ಓಡಿಹೋದರು; ಹುಡುಗಿಯ ಅಪ್ಪ ಠಾಣೆಗೆ ಬಂದಿದ್ದಾನೆ. ಕಾನೂನಿನಲ್ಲಿ ಅವಳ ಒಪ್ಪಿಗೆಗೆ ಬೆಲೆಯಿಲ್ಲ. ಅವಳ ಮಾತನ್ನು ಅವಳ ಮಾತಿನಲ್ಲೇ ಬರೆಯಿರಿ, ಅಪ್ಪನ ಮಾತಿನಲ್ಲಿ ಅಲ್ಲ, ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತಿದ್ದೆ.

ಅಂಗವೈಕಲ್ಯ ಇರುವ ಹೆಂಗಸರ ಬಗ್ಗೆ ನಾವು ಕಲಿಸಿದ್ದು ತೀರಾ ಕಡಿಮೆ. 2013ರ ತಿದ್ದುಪಡಿ ಅವರ ಮನೆಗೇ ಹೋಗಿ, ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವಿನಿಂದ ಬರೆದುಕೊಳ್ಳಿ, ವಿಡಿಯೋ ಮಾಡಿ ಎಂದಿತು. ಕಣ್ಣು ಕಾಣದ ಪರಿಶಿಷ್ಟ ಜಾತಿಯ ಹೆಂಗಸಿನ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ, ಇದಕ್ಕೆಂದೇ ಪೊಲೀಸರಿಗೆ ತರಬೇತಿ ಬೇಕೆಂದು ಮತ್ತೆ ಹೇಳಿತು. ಸಂಜ್ಞಾಭಾಷೆ ಬಲ್ಲವರ ಫೋನ್ ನಂಬರು ಗೋಡೆಯ ಮೇಲೆ ಬರೆದಿಟ್ಟ ಠಾಣೆಯನ್ನು ನನ್ನ ಸೇವೆಯಲ್ಲಿ ನಾನು ಒಂದೇ ಒಂದು ಕಂಡೆ.

ತರಬೇತಿ ಪಡೆದವರು ಎಲ್ಲಿ ಹೋಗುತ್ತಾರೆ? ಇದು ನನ್ನ ಹಳೆಯ ಜಗಳ. ಐದು ದಿನ ಕೂರಿಸಿ, ಹೇಳಿಕೆ ಪಡೆಯುವುದನ್ನು ನಾಲ್ಕು ಸಲ ಅಭ್ಯಾಸ ಮಾಡಿಸಿ ಕಳಿಸಿದ ಹುಡುಗಿಯನ್ನು ಮರುತಿಂಗಳು ಜಾತ್ರೆಯ ಬಂದೋಬಸ್ತಿನಲ್ಲಿ, ಅದರ ಮರುತಿಂಗಳು ಟ್ರಾಫಿಕ್ಕಿನಲ್ಲಿ ನೋಡಿದ್ದೇನೆ. ಠಾಣೆಗೆ ಬಂದ ಕೇಸನ್ನು ತರಬೇತಿ ಇಲ್ಲದ ಇನ್ನೊಬ್ಬಳು ಬರೆದಿರುತ್ತಾಳೆ. 2018ರ ಕಾಯ್ದೆಯಿಂದ ಅತ್ಯಾಚಾರದ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕಾಯಿತು, ಮರುವರ್ಷ ಬಂದ ಆನ್‌ಲೈನ್ ವ್ಯವಸ್ಥೆ ಪ್ರತಿ ಕೇಸಿನ ದಿನ ಎಣಿಸುತ್ತದೆ. ದಿನ ಎಣಿಸುವುದು ಒಳ್ಳೆಯದೇ. ಆ ಅರುವತ್ತು ದಿನದಲ್ಲಿ ಮೊದಲ ಒಂದು ಗಂಟೆ ಹೇಗೆ ಹೋಯಿತೆಂದು ಯಾವ ಪರದೆಯೂ ತೋರಿಸುವುದಿಲ್ಲ.

2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದಿವೆ. ನಾನು ನಿವೃತ್ತಳಾದ ಮೇಲಿನ ಮಾತು. ಶಾಲೆಯವರು ಒಂದು ದಿನ ಪಾಠಕ್ಕೆ ಕರೆದರೆಂದು ಓದಿಕೊಂಡು ಹೋದೆ. 375 ಈಗ 63, 376 ಈಗ 64, 166-ಎ ಈಗ 199. ಮಂಡಿನೋವು ಇರುವವರಿಗೆ ಮನೆಯ ಮೆಟ್ಟಿಲು ಬದಲಿಸಿದ ಹಾಗೆ. ಒಳ್ಳೆಯ ಸೇರ್ಪಡೆಗಳೂ ಇವೆ: ವೈದ್ಯಕೀಯ ವರದಿ ಏಳು ದಿನದಲ್ಲಿ ಬರಬೇಕು, ಯಾವ ಠಾಣೆಯ ವ್ಯಾಪ್ತಿಯದಾದರೂ ದೂರು ತೆಗೆದುಕೊಳ್ಳಬೇಕು, ನೊಂದವಳ ಹೇಳಿಕೆಯನ್ನು ಮೊಬೈಲ್ ಫೋನಿನಲ್ಲಾದರೂ ಧ್ವನಿ-ದೃಶ್ಯವಾಗಿ ದಾಖಲಿಸಬಹುದು. ಈ ಕೊನೆಯದನ್ನು ಓದಿ ತುಂಬ ಹೊತ್ತು ಸುಮ್ಮನೆ ಕೂತೆ. ಆವತ್ತು ಆ ಠಾಣೆಯಲ್ಲಿ ಒಂದು ಫೋನು ಇದ್ದಿದ್ದರೆ, ರೈಟರ್ ಏನು ಬರೆದರೂ ಮಣ್ಣು ಉಳಿಯುತ್ತಿತ್ತು.

ಸಂಚಿಕೆಯ ಓದುಗರಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೇ ಹೆಚ್ಚು. ನಿಮ್ಮ ಅಟ್ಟದ ಮೇಲೆ, ಟ್ರಂಕಿನಲ್ಲಿ, ತರಬೇತಿ ಕಾಲದ ನೋಟುಬುಕ್ಕುಗಳಿದ್ದರೆ ರದ್ದಿಗೆ ಹಾಕಬೇಡಿ. ಶಾಲೆಯ ಗ್ರಂಥಾಲಯಕ್ಕೆ ತಲುಪಿಸಿ. ನಾವು ಏನನ್ನು ಕಲಿಸಿದ್ದೆವೆಂದು ಹೊಸಬರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಪಠ್ಯ ಇಲ್ಲ. ನನ್ನದನ್ನು, ಆ ಎರಡು ಗೆರೆಗಳ ಸಮೇತ, ಕೊಡುತ್ತಿದ್ದೇನೆ. ನಿಮ್ಮ ನೋಟುಬುಕ್ಕಿನೊಳಗೆ ಯಾವ ಕೇಸಿನ ಟಿಪ್ಪಣಿ ಇದ್ದರೂ, ಎಷ್ಟೇ ಹಳೆಯದಾದರೂ, ಹೆಣ್ಣುಮಕ್ಕಳ ಹೆಸರು, ಊರು, ತಂದೆಯ ಹೆಸರನ್ನು ಶಾಯಿಯಿಂದ ಪೂರ್ತಿ ಹೊಡೆದುಹಾಕಿ ಕೊಡಿ. ಗುರುತು ಪ್ರಕಟಿಸಬಾರದೆಂಬ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ನಿವೃತ್ತರಿಗೂ ಅನ್ವಯಿಸುತ್ತದೆ.